ನಾಟಕ ತಂಡದ ಮುಕ್ತ ದಿನಕ್ಕೆ ಹೋಗುವವರು ರಂಗದ ಅಂಚಿನ ಬಗ್ಗೆ ಹುಷಾರಾಗಿರಿ

ಹೋದ ತಿಂಗಳು ಒಂದು ನಾಟಕ ತಂಡ ತನ್ನ ರಂಗಮಂದಿರವನ್ನು ಒಂದು ದಿನದ ಮಟ್ಟಿಗೆ ಎಲ್ಲರಿಗೂ ತೆರೆದಿತ್ತು. ಮೊದಲು ನಟರ ಜೊತೆ ಮಾತುಕತೆ, ಆಮೇಲೆ ರಂಗದ ಮೇಲೆ, ಹಿಂದೆ ಎಲ್ಲ ಸುತ್ತಾಡಿ ನೋಡೋದು. ಅಮ್ಮನಿಗೆ ನಾಟಕ ಅಂದರೆ ಪ್ರಾಣ. ಖುಷಿಯಿಂದ ಕರೆದುಕೊಂಡು ಹೋದೆ. ಮನೆಗೆ ಬಂದಾಗ ಅವಳ ಕಾಲಿಗೆ ಪ್ಲಾಸ್ಟರ್ ಇತ್ತು.

ಮಾತುಕತೆ ನಿಜಕ್ಕೂ ಚೆನ್ನಾಗಿತ್ತು. ಒಬ್ಬ ಹಿರಿಯ ನಟರು ದೃಶ್ಯ ಬದಲಾಗುವಾಗಿನ ಕತ್ತಲ ಬಗ್ಗೆ ಹೇಳಿದರು. ಲೈಟೆಲ್ಲ ಆರಿದ ಆ ಸ್ವಲ್ಪ ಹೊತ್ತಿನಲ್ಲಿ ಹೆಜ್ಜೆ ಎಣಿಸಿಕೊಂಡೇ ಒಳಗೆ ಹೋಗಬೇಕಂತೆ. ಅಂಚಿಗೆ, ಮೆಟ್ಟಿಲಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿರುತ್ತಾರೆ. ಅದು ಸಾಲದು ಅಂತ ತಾಲೀಮಿನಲ್ಲಿ ಮತ್ತೆ ಮತ್ತೆ ನಡೆದು ಕಾಲಿಗೆ ರೂಢಿ ಮಾಡಿಕೊಳ್ಳುತ್ತಾರೆ.

ಇದನ್ನು ಕೇಳಿ ಅರ್ಧ ಗಂಟೆಯೂ ಆಗಿರಲಿಲ್ಲ, ಯಾವ ತಾಲೀಮೂ ಇಲ್ಲದ ನಮ್ಮನ್ನೆಲ್ಲ ಒಟ್ಟಿಗೇ ರಂಗದ ಮೇಲೆ ಕರೆದರು. ಐವತ್ತಕ್ಕಿಂತ ಜಾಸ್ತಿ ಜನ. ದಾರಿ ತೋರಿಸಲು ಒಬ್ಬನೇ ಹುಡುಗ. ರಂಗದ ಲೈಟುಗಳು ಪೂರ್ತಿ ಉರಿಯುತ್ತಿದ್ದವು, ಪ್ರೇಕ್ಷಕರು ಕೂರುವ ಕಡೆ ಕತ್ತಲು. ಅಂಚಿಗೆ ಹಗ್ಗ ಕಟ್ಟಿರಲಿಲ್ಲ, ಅಲ್ಲಿ ಯಾರೂ ನಿಂತಿರಲೂ ಇಲ್ಲ. ಇಡೀ ಸೆಟ್ ಫೋಟೋದಲ್ಲಿ ಬರಲಿ ಅಂತ ಅಮ್ಮ ಮೊಬೈಲ್ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. "ಅಮ್ಮಾ, ನಿಲ್ಲು" ಅನ್ನುವಷ್ಟರಲ್ಲಿ ಬಿದ್ದ ಸದ್ದು ಕೇಳಿತು. ಎದೆಯೆತ್ತರದ ರಂಗ ಅದು. ಕಣಕಾಲಿನ ಮೂಳೆ ಮುರಿದಿತ್ತು. ತಲೆ ಬಡಿದಿದ್ದರೆ ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ.

ಜೋರು ಬೆಳಕಿನಿಂದ ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ವಯಸ್ಸಾದವರಿಗೆ ಇನ್ನೂ ಕಷ್ಟ. ನಾಟಕದವರಿಗೆ ಇದು ಗೊತ್ತಿಲ್ಲದ್ದಲ್ಲ. ಪಶ್ಚಿಮದ ಎಷ್ಟೋ ರಂಗಮಂದಿರಗಳಲ್ಲಿ ಎಲ್ಲರೂ ಮನೆಗೆ ಹೋದ ಮೇಲೂ ರಂಗದ ಮೇಲೆ ಒಂದು ದೀಪ ಉರಿಸಿಟ್ಟಿರುತ್ತಾರೆ. ಘೋಸ್ಟ್ ಲೈಟ್ ಅಂತಾರೆ. ಅದರ ಸುತ್ತ ದೆವ್ವದ ಕತೆಗಳೂ ಇವೆ. ಆದರೆ ಕತ್ತಲಲ್ಲಿ ಒಳಗೆ ಬಂದವರು ಅಂಚಿನಿಂದ ಕೆಳಗೆ ಬೀಳದಂತೆ ಕಾಯೋದೇ ಅದರ ಕೆಲಸ. ಖಾಲಿ ರಂಗಕ್ಕೇ ಅಷ್ಟು ಕಾಳಜಿ ಬೇಕಾದರೆ, ಜನ ತುಂಬಿದಾಗ ಬೇಡವಾ?

ನೀವು ಹೋಗುವುದಾದರೆ ಮೊದಲೇ ಫೋನ್ ಮಾಡಿ ಕೇಳಿ. ಒಂದು ಸಲಕ್ಕೆ ಎಷ್ಟು ಜನರನ್ನು ಮೇಲೆ ಬಿಡ್ತೀರಿ? ಹಾಲ್ ಲೈಟ್ ಹಾಕಿರ್ತೀರಾ? ಅಂಚಿನ ಹತ್ತಿರ ಯಾರು ನಿಂತಿರ್ತಾರೆ? ಉತ್ತರ ತಡವರಿಸಿದರೆ ಮಾತುಕತೆ ಕೇಳಿಕೊಂಡು ಬನ್ನಿ, ರಂಗ ಹತ್ತಬೇಡಿ. ಹತ್ತಿದರೆ ಫೋಟೋಗೆ ಅಂತ ಹಿಂದೆ ಹೆಜ್ಜೆ ಇಡಲೇಬೇಡಿ. ಮಕ್ಕಳ ಕೈ ಹಿಡಿದುಕೊಂಡೇ ಇರಿ, ರಂಗದ ಪಕ್ಕದ ಮರೆಯಲ್ಲಿ, ಅಂದರೆ ಸೈಡ್ ವಿಂಗ್‌ನಲ್ಲಿರುವ ಹಗ್ಗಗಳನ್ನು ಮುಟ್ಟಲು ಬಿಡಬೇಡಿ. ಮೇಲೆ ತೂಗುವ ಪರದೆ, ಲೈಟುಗಳಿಗೆ ಸರಿಸಮ ತೂಕ ಕಟ್ಟಿ ಆ ಹಗ್ಗಗಳಲ್ಲಿ ಹಿಡಿದಿರುತ್ತಾರೆ. ಅವತ್ತು ಒಬ್ಬ ಪುಟ್ಟ ಹುಡುಗ ಅದನ್ನೇ ಹಿಡಿದು ಜೋತಾಡುತ್ತಿದ್ದ. ಯಾರೂ ಬೇಡ ಅನ್ನಲಿಲ್ಲ.

ಆ ಹಿರಿಯ ನಟರು ಆಸ್ಪತ್ರೆಗೇ ಬಂದು ಅಮ್ಮನ ಪಕ್ಕ ತುಂಬಾ ಹೊತ್ತು ಕೂತಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ವ್ಯವಸ್ಥೆ ನೋಡಿಕೊಂಡವರಿಗೆ ಎರಡು ಸಲ ಬರೆದಿದ್ದೇನೆ. ಮುಂದಿನ ಸಲ ಅಂಚಿಗೆ ಹಗ್ಗ ಕಟ್ತೀರಾ ಅಂತ ಅಷ್ಟೇ ಕೇಳಿದ್ದು. ಇನ್ನೂ ಉತ್ತರ ಬಂದಿಲ್ಲ.