ಮೂಲ ಟರ್ಬೋ, ದೊಡ್ಡ ಟರ್ಬೋ: ಡೈನೊ ಹಾಳೆಯಲ್ಲಿ ನೋಡಬೇಕಾದ್ದು
ಕಾರಿನ ಶಕ್ತಿ ಅಳೆಯುವ ಡೈನೊ ಯಂತ್ರ ಕೊಡುವ ಹಾಳೆಯ ಗರಿಷ್ಠ ಅಶ್ವಶಕ್ತಿಯನ್ನಷ್ಟೇ ಹೋಲಿಸಿ ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಆರಿಸುವುದು ತಪ್ಪು. ಶಕ್ತಿಯೆಂಬುದು ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಮತ್ತು ಆರ್‌ಪಿಎಂಗಳ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು) ಗುಣಲಬ್ಧವಾದ್ದರಿಂದ, 250 ನ್ಯೂಟನ್ ಮೀಟರ್ ಟಾರ್ಕ್ 2,000 ಆರ್‌ಪಿಎಂನಲ್ಲಿ ಸುಮಾರು 52 ಕಿಲೊವ್ಯಾಟ್ ಆದರೆ, 5,000ದಲ್ಲಿ 131 ಆಗುತ್ತದೆ. ಕಾರಿನೊಂದಿಗೇ ಬಂದ ಚಿಕ್ಕ ಮೂಲ ಟರ್ಬೋದ ಹಗುರ ಚಕ್ರ ಬೇಗ ವೇಗ ಪಡೆಯುವುದರಿಂದ ಅದರ ಟಾರ್ಕ್ ರೇಖೆ ಬೇಗನೆ ಏರಿ, ಹೆಚ್ಚಿನ ಆರ್‌ಪಿಎಂನಲ್ಲಿ ಕುಸಿಯುತ್ತದೆ. ದೊಡ್ಡದು ತಡವಾಗಿ ಎದ್ದರೂ ಕೊನೆಯವರೆಗೆ ಎಳೆಯುತ್ತದೆ. ಎರಡು ರೇಖೆಗಳು ದಾಟುವ ಬಿಂದುವಿನ ಮೇಲೆ ಬೆರಳಿಟ್ಟು, ನಿಮ್ಮ ದಿನನಿತ್ಯದ ಓಡಾಟ ಅದರ ಎಡಕ್ಕೋ ಬಲಕ್ಕೋ ಎಂದು ಕೇಳಿಕೊಳ್ಳಿ. ಸಿಗ್ನಲ್‌ಗಳ ನಡುವೆಯೇ ಓಡಿಸುವವರಿಗೆ ಮೂಲ ಟರ್ಬೋವೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅಳೆದ ಹಾಳೆಯಾದರೆ ತಿದ್ದುಪಡಿ ಗುಣಾಂಕವನ್ನೂ (ತೆಳುಗಾಳಿಯಿಂದಾದ ನಷ್ಟಕ್ಕೆ ಅಂಕಿಯನ್ನು ಹೊಂದಿಸುವ ಗುಣಕ) ನೋಡಬೇಕು: ತೆಳುಗಾಳಿಯ ನಷ್ಟವನ್ನು ಟರ್ಬೋ ಬಹುಮಟ್ಟಿಗೆ ತಾನೇ ಸರಿದೂಗಿಸಿದ್ದರೂ, ಆ ಗುಣಾಂಕ ಅದನ್ನು ಮತ್ತೆ ಕೂಡಿಸಿ ಅಂಕಿಯನ್ನು ಉಬ್ಬಿಸಬಹುದು.