ಪಡಸಾಲೆಯ ರೇಷ್ಮೆ ಪರದೆ: ಬಟ್ಟೆಗೆ ಪೂರ್ತಿ ಅಂಕ, ಹೊಲಿಗೆಗೆ ಇಲ್ಲ

2021ರಲ್ಲಿ ಪಡಸಾಲೆಯ ಎರಡು ಕಿಟಕಿಗೆ ಅಂತ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ 14 ಮೀಟರ್ ಡುಪಿಯಾನ್ ರೇಷ್ಮೆ ಕೊಂಡೆ. ಜೇನುಬಣ್ಣ. ಹೊಲಿಗೆಯೂ ಅವರದೇ.

ನಾನು ಶಿಡ್ಲಘಟ್ಟದವಳು, ಅಪ್ಪ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ರೀಲರ್ ಆಗಿದ್ದವರು. ಗೂಡು ಬೇಯಿಸುವ ವಾಸನೆಯಲ್ಲೇ ಬೆಳೆದವಳಾದ್ದರಿಂದ ಬಟ್ಟೆ ಆರಿಸುವಾಗ ಎಡವಲಿಲ್ಲ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಬಿಚ್ಚಿದಾಗ ನೂಲು ಒಂದೇ ಸಮ ಬರದೆ ಅಲ್ಲಲ್ಲಿ ದಪ್ಪಗಾಗುತ್ತದೆ. ಡುಪಿಯಾನ್ ಅಂದರೆ ಅದೇ. ಆ ಗಂಟುಗಳನ್ನು ನೇಯ್ಗೆಯ ದೋಷ ಅಂದುಕೊಳ್ಳಬೇಡಿ, ಪರದೆಗೆ ಕಳೆ ಬರುವುದೇ ಅವುಗಳಿಂದ. ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು.

ಬಿಸಿಲಿಗೆ ತಡೆಯಾಗಿ ಹಿಂಬದಿಗೆ ಲೈನಿಂಗ್ ಬಟ್ಟೆ ಹಾಕಿ ಅಂತ ಅಂಗಡಿಯವರನ್ನು ಕೇಳಿದೆ. "ಬೇಡ ಮೇಡಂ, ಹೊಳಪೇ ಹೋಗುತ್ತೆ" ಅಂದರು. ನಾನೂ ಸುಮ್ಮನಾದೆ. ಅಲ್ಲೇ ಕೆಟ್ಟಿತು.

ಮೂರನೇ ಬೇಸಿಗೆ ಮುಗಿಯುವಷ್ಟರಲ್ಲಿ ಪಡುವಣ ಕಿಟಕಿಯ ಪರದೆಯಲ್ಲಿ, ಗಾಜಿನ ಕಡೆಗೆ ಉಬ್ಬಿಕೊಂಡ ನೆರಿಗೆಗಳಷ್ಟೇ ಉದ್ದುದ್ದ ಬಿಳಿಚಿಕೊಂಡವು. ಒಂದು ದಿನ ಧೂಳು ಕೊಡವಲು ಹಿಡಿದರೆ ಆ ಗೆರೆಯ ಗುಂಟ ಪರ್ರನೆ ಹರಿಯಿತು. ಎಳೆದಿರಲಿಲ್ಲ, ಬರೀ ಹಿಡಿದಿದ್ದೆ. ಒಣಗಿದ ಬಾಳೆಪಟ್ಟೆ ಸೀಳಿದ ಹಾಗೆ. ಬಡಗು ಗೋಡೆಯ ಕಿಟಕಿಯದು, ಅದೇ ಥಾನಿನ ಬಟ್ಟೆ, ಇವತ್ತಿಗೂ ಹೊಸದರಂತಿದೆ. ಬಿಸಿಲು ರೇಷ್ಮೆಯ ಬಣ್ಣವನ್ನಷ್ಟೇ ಅಲ್ಲ, ಎಳೆಯ ಕಸುವನ್ನೂ ತಿನ್ನುತ್ತದೆ. ಸಾದಾ ಗಾಜು ಅದಕ್ಕೆ ಸಾಕಷ್ಟು ತಡೆಯಲ್ಲ. ದಿನವಿಡೀ ಪರದೆ ಹೊಲಿಯುವವರಿಗೆ ಇಷ್ಟು ಗೊತ್ತಿರಬೇಕಿತ್ತು. ಇದನ್ನು ನಾನು ಕ್ಷಮಿಸಲಾರೆ.

ಈಗ ಪಡುವಣಕ್ಕೆ ಹೊಸ ಬಟ್ಟೆ ತಂದು, ನಮ್ಮ ಬೀದಿಯ ಟೈಲರ್ ಹತ್ತಿರ ಒತ್ತು ನೇಯ್ಗೆಯ ಹತ್ತಿ ಲೈನಿಂಗ್ ಕೊಟ್ಟು ಹೊಲಿಸಿದ್ದೇನೆ. ಹೊಳಪು ಎಳ್ಳಷ್ಟೂ ಕಮ್ಮಿಯಾಗಿಲ್ಲ. ನೆರಿಗೆ ಇನ್ನೂ ತುಂಬಿಕೊಂಡು ಬೀಳುತ್ತದೆ.

ನೀರು ತಾಗಿಸಬೇಡಿ. ಮಳೆಯ ನಾಲ್ಕು ಹನಿ ಸಿಡಿದರೂ ಉಂಗುರದಂಥ ಕಲೆ ಕೂರುತ್ತದೆ. ತೊಳೆಯುವುದು ಡ್ರೈಕ್ಲೀನ್‌ನಲ್ಲೇ, ಅದೂ ಲೈನಿಂಗ್ ಸಮೇತ. ನಡುವೆ ಮೆತ್ತನೆ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಧೂಳು ಒರೆಸಿದರೆ ಸಾಕು. ಇಸ್ತ್ರಿ ಹಿಂಬದಿಯಿಂದ, ಕಡಿಮೆ ಶಾಖದಲ್ಲಿ. ಸೋಫಾ ದಿಂಬಿಗೆ ಮಾತ್ರ ನಾನು ರೇಷ್ಮೆ ಹಾಕಿಸಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ತಲೆಗೆ ಎಣ್ಣೆ ಹಚ್ಚುವವರೇ.

ಹರಿದ ಪರದೆಯಲ್ಲಿ ಗಟ್ಟಿಯಿದ್ದ ಕೆಳಭಾಗ ಕತ್ತರಿಸಿ ದೇವರಮನೆ ಬಾಗಿಲಿಗೆ ಹಾಕಿದೆ. ಅಲ್ಲಿ ಬಿಸಿಲು ಬೀಳಲ್ಲ. ದೀಪ ಹಚ್ಚುವಾಗ ಪಕ್ಕಕ್ಕೆ ಎಳೆದು ಕಟ್ಟಿಡುತ್ತೇನೆ.