ಸೋಲಾರ್ ‘ಪುಕ್ಕಟೆ ಬಿಸಿನೀರು’ ಡಬ್ಬ: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಕೆಲವು ಮಾರಾಟದವರು, ಬ್ಯಾಟರಿ ತುಂಬಿದ ಮೇಲೆ ದಂಡವಾಗುವ ಸೋಲಾರ್ ಕರೆಂಟಲ್ಲಿ ಬಚ್ಚಲಿಗೆ ಬಿಸಿನೀರು ಮಾಡಿಕೊಡ್ತೇವೆ, ಇನ್ನು ಹಂಡೆಗೆ ಕಟ್ಟಿಗೆ ಬೇಡ ಅಂತ ಹೇಳಿಕೊಂಡು ಬರ್ತಾರೆ. ಒಂದು ತಗಡಿನ ಡಬ್ಬ, 25 ಲೀಟರ್ ಗೀಸರ್ ಟ್ಯಾಂಕು, ಫಿಟ್ಟಿಂಗ್ ಸೇರಿ 18,500 ರೂಪಾಯಿ. ನಮ್ಮನೆಯಲ್ಲಿ ಹಾಕಿಹೋದರು. ನೋಡಲಿಕ್ಕೆ ಕೇರಿಯವರೆಲ್ಲ ಬಂದಿದ್ದರು. ಸಂಜೆ ನಲ್ಲಿ ತಿರುಗಿಸಿದರೆ ಬಾವಿ ನೀರೇ!

ಯೋಚನೆಯಲ್ಲಿ ತಪ್ಪಿಲ್ಲ, ಅದನ್ನು ಮೊದಲೇ ಹೇಳ್ತೇನೆ. ನಮ್ಮದು 330 ವ್ಯಾಟಿನ 4 ಪ್ಯಾನೆಲ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ, 24 ವೋಲ್ಟ್ ಸಿಸ್ಟಮ್. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬ್ತದೆ, ಆಮೇಲೆ ಪ್ಯಾನೆಲಿನಿಂದ ಬ್ಯಾಟರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಕೈ ಕಟ್ಟಿ ಕೂರ್ತದೆ. ಆ ಉಳಿಕೆಯನ್ನು ಡಂಪ್ ಲೋಡಿಗೆ, ಅಂದರೆ ಹೆಚ್ಚಾದ ಕರೆಂಟನ್ನು ಖರ್ಚು ಮಾಡುವ ಕಾಯಿಲಿನಂಥದ್ದಕ್ಕೆ, ಹಾಕುವುದು ಸರಿಯಾದ ಕೆಲಸವೇ. ಇವರು ಮಾಡಿದ್ದು ನೋಡಿ.

ಬ್ಯಾಟರಿಯಿಂದ ಟ್ಯಾಂಕಿಗೆ ಹೋಗುವ ವೈರಿಗೆ ಡಿಸಿ (ಬ್ಯಾಟರಿಯ ಕರೆಂಟು) ಅಳೆಯುವ ಕ್ಲಾಂಪ್ ಮೀಟರ್ ಹಾಕಿದರೆ 1.1 ಆಂಪಿಯರ್. ಮೀಟರೇ ಕೆಟ್ಟಿರಬೇಕು ಅಂತ ಇನ್ನೊಂದು ತಂದು ಹಾಕಿದ್ದಾಯ್ತು, ಅದೂ 1.1. ಟ್ಯಾಂಕಿನ ಮುಚ್ಚಳ ಬಿಚ್ಚಿದಾಗ ಗೊತ್ತಾಯ್ತು. ನೀರು ಕಾಯಿಸುವ ಕಾಯಿಲಿನ ಹಿತ್ತಾಳೆ ಫ್ಲ್ಯಾಂಜಿನ (ಕಾಯಿಲು ಕೂರಿಸುವ ತಟ್ಟೆ) ಮೇಲೆ, ಗೋಡೆ ಕಡೆ ತಿರುಗಿಸಿಟ್ಟ ಬದಿಯಲ್ಲಿ, ಸಣ್ಣ ಅಕ್ಷರದಲ್ಲಿ ಒತ್ತಿದೆ: 230 ವೋಲ್ಟ್, 2000 ವ್ಯಾಟ್. ಪೇಟೆಯ ಮಾಮೂಲಿ ಗೀಸರ್ ಕಾಯಿಲು! ಅದರ ರೆಸಿಸ್ಟೆನ್ಸ್ ಸುಮಾರು 26 ಓಮ್. ಬ್ಯಾಟರಿ ತುಂಬುವ ಹೊತ್ತಿನ 28 ವೋಲ್ಟ್ ಕೊಟ್ಟರೆ ಅದು ಎಳೆಯುವುದು 30 ವ್ಯಾಟ್ ಮಾತ್ರ. 2000 ಅಲ್ಲ, 30. ವೋಲ್ಟೇಜ್ ಎಂಟನೇ ಒಂದಕ್ಕೆ ಇಳಿದರೆ ಪವರ್ ಅರವತ್ತನಾಲ್ಕನೇ ಒಂದಕ್ಕೆ ಇಳಿಯುತ್ತದೆ. 25 ಲೀಟರ್ ನೀರನ್ನು 40 ಡಿಗ್ರಿ ಏರಿಸಲಿಕ್ಕೆ 1.16 ಯೂನಿಟ್ ಬೇಕು, 30 ವ್ಯಾಟಿನಲ್ಲಿ ಅದಕ್ಕೆ 39 ತಾಸು, ಅದೂ ಟ್ಯಾಂಕ್ ಒಂಚೂರೂ ತಣಿಯದಿದ್ದರೆ.

ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: “ಹೆಗಡೇರೇ, ಕರೆಂಟ್ ಅಂದ್ರೆ ಕರೆಂಟೇ. ಕಾಯಿಲಿಗೆ ಎಂತ ಗೊತ್ತಾಗ್ತದೆ?” ಲೆಕ್ಕ ಹೇಳಿದ ಮೇಲೆ, “ನಿಮ್ಮ ಕಡೆ ಮರದ ನೆರಳು ಜಾಸ್ತಿ.” ಮತ್ತೆ ಜೋರು ಮಾಡಿದಾಗ ಮಾತೇ ತಿರುಗಿತು: “ಅದು ಹಾಕಿದ್ದು ಪ್ಯಾನೆಲ್ ಸುಟ್ಟುಹೋಗಬಾರದು ಅಂತ ಮಾರಾಯ್ರೇ, ಬಿಸಿನೀರು ಬೋನಸ್ಸು.”

ಮೈ ಉರಿದದ್ದು ಇಲ್ಲೇ. ನಮ್ಮ ಘಟ್ಟದ ಮನೆಗಳಲ್ಲಿ ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸಿದವರಿಗೆ ಡಂಪ್ ಲೋಡ್ ಬೇಕೇ ಬೇಕು. ಮನೆಯ ಲೋಡ್ ತಪ್ಪಿದರೆ ಟರ್ಬೈನ್ ಓಟ ಕಿತ್ತು ವೋಲ್ಟೇಜ್ ಏರ್ತದೆ, ಹಾಗಾಗಿ ಉಳಿದ ಕರೆಂಟನ್ನು ಕಾಯಿಲಿಗೆ ಹಾಕಲೇಬೇಕು. ಸೋಲಾರ್ ಪ್ಯಾನೆಲಿಗೆ ಆ ರಗಳೆ ಇಲ್ಲ. ಕಂಟ್ರೋಲರ್ ಕರೆಂಟ್ ಎಳೆಯೋದು ನಿಲ್ಲಿಸಿದರೆ ಪ್ಯಾನೆಲ್ ಬಿಸಿಲಲ್ಲಿ ಸುಮ್ಮನೆ ಇರ್ತದೆ. ಪ್ಯಾನೆಲ್ ಸುಡ್ತದೆ ಅಂತ ಯಾರಾದರೂ ಹೆದರಿಸಿದರೆ ಅಲ್ಲಿಗೇ ಮಾತು ಮುಗಿಸಿ. ಹೆಸ್ಕಾಂ ನೆಟ್ ಮೀಟರ್ ಹಾಕಿಸಿಕೊಂಡವರಿಗಂತೂ ಉಳಿಕೆ ಲೈನಿಗೇ ಹೋಗ್ತದೆ, ಅವರಿಗೆ ಈ ಡಬ್ಬ ಯಾಕೆ?

ಗಲಾಟೆ ಆದ ಮೇಲೆ ಬಂದು 24 ವೋಲ್ಟಿನ 600 ವ್ಯಾಟ್ ಕಾಯಿಲು ಹಾಕಿದರು. ಕಾಯಿಲು ಸರಿ. ಆದರೆ ಥರ್ಮೋಸ್ಟಾಟ್ (ನೀರು ಕಾದ ಮೇಲೆ ಕರೆಂಟ್ ಕಡಿಯುವ ಸ್ವಿಚ್ಚು) ಹಳೆಯದೇ, ವೈರೂ ಹಳೆಯದೇ! 2.5 ಚದರ ಎಂಎಂ ವೈರು, ಬ್ಯಾಟರಿಯಿಂದ ಬಚ್ಚಲಿಗೆ 12 ಮೀಟರ್. ಹೋಗಿ ಬರಲಿಕ್ಕೆ 24 ಮೀಟರ್, 25 ಆಂಪಿಯರ್. ವೈರಿನಲ್ಲೇ 4 ವೋಲ್ಟ್, 100 ವ್ಯಾಟ್ ಕಳೀತದೆ. ಗೋಡೆಯ ಪೈಪು ಮುಟ್ಟಿದರೆ ಬಿಸಿ. ಇನ್ನು ಥರ್ಮೋಸ್ಟಾಟು. 16 ಆಂಪಿಯರ್ ಅಂತ ಬರೆದಿದ್ದು ಎಸಿಗೆ, ಅಂದರೆ ಲೈನ್ ಕರೆಂಟಿಗೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರ್ತದೆ, ಸ್ವಿಚ್ಚು ಬಿಡುವಾಗ ಏಳುವ ಕಿಡಿ ತಾನೇ ಆರ್ತದೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಎಳೆದುಕೊಂಡೇ ಇರ್ತದೆ. ಕೊನೆಗೆ ಕಾಂಟ್ಯಾಕ್ಟ್ ಎರಡೂ ಕರಗಿ ಅಂಟಿಕೊಂಡವು, ನೀರು ಕುದಿಯೋದು ನಿಲ್ಲಲಿಲ್ಲ, ಸೇಫ್ಟಿ ವಾಲ್ವಿನಿಂದ ಹಬೆ. ಅಂಟಿದ ತಾಮ್ರದ ಎಲೆಯನ್ನು ಬ್ಲೇಡಿನಿಂದ ಎಬ್ಬಿಸಬೇಕಾಯ್ತು. ವಾಲ್ವ್ ಕಟ್ಟಿಹೋಗಿದ್ದರೆ?

ಅವರ ಉತ್ತರ: “ಥರ್ಮೋಸ್ಟಾಟಿಗೆ ವಾರಂಟಿ ಬರೂದಿಲ್ಲ.”

ಬ್ಯಾಟರಿ ಕಥೆ ಬೇರೆ. ಡಬ್ಬದೊಳಗಿನ ರಿಲೇ (ವೋಲ್ಟೇಜ್ ನೋಡಿ ಕಾಯಿಲನ್ನು ಹಾಕಿ ತೆಗೆಯುವ ಸ್ವಿಚ್ಚು) 26 ವೋಲ್ಟಿಗೆ ಆನ್, 24.5ಕ್ಕೆ ಆಫ್ ಅಂತ ಕೂರಿಸಿದ್ದರು. ಟ್ಯೂಬುಲರ್ ಜೋಡಿ ಪೂರ್ತಿ ತುಂಬಬೇಕಾದರೆ 28.8ರ ಹತ್ತಿರ ಏರಿ ಅಲ್ಲಿ ಒಂದೆರಡು ತಾಸಾದರೂ ನಿಲ್ಲಬೇಕು. 26ಕ್ಕೇ ಕಾಯಿಲು ಬಾಯಿ ಹಾಕಿದರೆ ಬೆಳಗಿನ ಬಿಸಿಲೆಲ್ಲ ಬಚ್ಚಲಿಗೆ, ಬ್ಯಾಟರಿ ಅರೆಹೊಟ್ಟೆ. ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಅಂತ ನೋಡುವ ಹೈಡ್ರೋಮೀಟರ್ 1240 ತೋರಿಸಬೇಕಾದಲ್ಲಿ 1190. ಹೀಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯೇ ಹೋಗ್ತದೆ.

ಹಾಕಿಸುವುದೇ ಆದರೆ: ರಿಲೇ ಆನ್ 28.4ರ ಆಸುಪಾಸು, ಅದೂ ಸ್ವಲ್ಪ ಹೊತ್ತು ತಡೆದು ಆನ್ ಆಗುವಂಥದ್ದು, ಆಫ್ 26.8. ಫ್ಲೋಟ್‌ಗೆ (ಬ್ಯಾಟರಿ ಪೂರ್ತಿ ತುಂಬಿದ ನಂತರದ ಹಂತ) ಬಂದ ಮೇಲೆ ಆನ್ ಮಾಡುವ ಆಕ್ಸಿಲರಿ (ಹೆಚ್ಚುವರಿ) ರಿಲೇ ಇರುವ ಕಂಟ್ರೋಲರ್ ಆದರೆ ಇನ್ನೂ ಒಳ್ಳೆಯದು. ಡಿಸಿ ಕಾಯಿಲಿಗೆ 10 ಚದರ ಎಂಎಂ ವೈರು, ಬ್ಯಾಟರಿ ಬುಡದಲ್ಲೇ 40 ಆಂಪಿಯರ್ ಡಿಸಿ ಫ್ಯೂಸು. ಥರ್ಮೋಸ್ಟಾಟಿನಲ್ಲಿ ಕಾಯಿಲಿನ ಕರೆಂಟ್ ಹರಿಯಬಾರದು, ಅದು ಡಿಸಿ ಕಾಂಟ್ಯಾಕ್ಟರಿನ (ದೊಡ್ಡ ಡಿಸಿ ಕರೆಂಟ್ ಕಡಿಯುವ ಸ್ವಿಚ್ಚು) ಸುರುಳಿಗೆ ಹೋಗುವ ಸಣ್ಣ ಕರೆಂಟನ್ನಷ್ಟೇ ಕಡಿಯಬೇಕು. ನನ್ನ ಕೇಳಿದರೆ ಡಿಸಿ ಸಹವಾಸವೇ ಬೇಡ. 230 ವೋಲ್ಟಿನ 500 ವ್ಯಾಟ್ ಕಾಯಿಲನ್ನು ಇನ್ವರ್ಟರಿನಿಂದ ಓಡಿಸಿ. ನೂರಕ್ಕೆ ಹತ್ತು ಹದಿನೈದು ನಷ್ಟವಾಗ್ತದೆ, ಆಗಲಿ, ಮಾಮೂಲಿ ಥರ್ಮೋಸ್ಟಾಟ್ ನಿಯತ್ತಾಗಿ ಕೆಲಸ ಮಾಡ್ತದೆ.

ಮಳೆಗಾಲದಲ್ಲೂ ಬಿಸಿನೀರು ಅಂತ ಹೇಳಿದರೆ ನಂಬಬೇಡಿ. ಆಷಾಢದ ಮೋಡದಲ್ಲಿ ನಮ್ಮ ಕಡೆ ಬ್ಯಾಟರಿ ತುಂಬಿದರೇ ಪುಣ್ಯ, ಉಳಿಕೆ ಎಲ್ಲಿಂದ ಬರಬೇಕು? ಹಂಡೆ ಒಲೆ ಕೀಳಿಸಬೇಡಿ.

ಈಗ ಡಬ್ಬದ ಫ್ಯೂಸ್ ಕಿತ್ತಿಟ್ಟಿದೆ. ಹಣ ವಾಪಸ್ ಕೇಳಿದ್ದಕ್ಕೆ, “ಅಡಿಕೆ ಕೊಯ್ಲು ಮುಗೀಲಿ, ಬಂದು ಮಾತಾಡ್ವ” ಅಂದರು. ಕೊಯ್ಲು ನಮ್ಮದು, ಅವರದ್ದಲ್ಲ.